ಮದುವೆಯಾಗದ ಸಂಗಾತಿಗೆ ಕಂಪನಿಯ ಆರೋಗ್ಯ ವಿಮೆ

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ನಿಮ್ಮ ಕಂಪನಿಯವರು, ಮದುವೆಯಾಗದೆ ಜೊತೆಗಿರುವ ಸಂಗಾತಿಯ ಹೆಸರನ್ನು ಗುಂಪು ಆರೋಗ್ಯ ವಿಮೆಗೆ ಸೇರಿಸಲು ನಿರಾಕರಿಸಿದ್ದಕ್ಕೆ ಕಾರಣ ಬಹುತೇಕ ಪಾಲಿಸಿಯಲ್ಲಿರುವ ‘ಕುಟುಂಬ’ದ ವ್ಯಾಖ್ಯಾನವೇ ಇರಬೇಕು, ಅಲ್ಲಿ ಸಾಮಾನ್ಯವಾಗಿ ‘ಕಾನೂನುಬದ್ಧವಾಗಿ ವಿವಾಹವಾದ ಪತಿ ಅಥವಾ ಪತ್ನಿ’ ಎಂದಿರುತ್ತದೆ. ಮೊದಲು ಆ ಪುಟದ ಪ್ರತಿಯನ್ನು ಮಾನವ ಸಂಪನ್ಮೂಲ ವಿಭಾಗದಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಈ ವ್ಯಾಖ್ಯಾನವು ಕಂಪನಿ ಮತ್ತು ವಿಮಾ ಸಂಸ್ಥೆಯ ನಡುವಿನ ಒಪ್ಪಂದದ ಭಾಗವಾಗಿರುವುದರಿಂದ, ನವೀಕರಣಕ್ಕೆ ಸಾಕಷ್ಟು ಮೊದಲೇ ಸಂಗಾತಿಯನ್ನೂ ಸೇರಿಸುವಂತೆ ಮನವಿ ಸಲ್ಲಿಸಿ, ಇಬ್ಬರ ಹೆಸರಿನಲ್ಲಿರುವ ಬಾಡಿಗೆ ಕರಾರು ಮತ್ತು ಜಂಟಿ ಬ್ಯಾಂಕ್ ಖಾತೆಯ ಪ್ರತಿಗಳನ್ನು ಲಗತ್ತಿಸಿ. ಕೆಲವು ದೊಡ್ಡ ಕಂಪನಿಗಳು ಇದಕ್ಕೆ ಒಪ್ಪಿವೆ. ನಿಮ್ಮವರು ಒಪ್ಪುತ್ತಾರೆಂದು ಖಚಿತವಾಗಿ ಹೇಳಲಾರೆ. ಒಂದೇ ಮನೆಯ ಖರ್ಚು ಹಂಚಿಕೊಂಡವರಿಗೆ ಆಸ್ಪತ್ರೆಯ ಬಿಲ್ಲಿನಲ್ಲಿ ಮಾತ್ರ ಭೇದ ಮಾಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕಂಪನಿಯ ಉತ್ತರಕ್ಕಾಗಿ ಕಾಯದೆ ಸಂಗಾತಿಯ ಹೆಸರಿನಲ್ಲಿ ಪ್ರತ್ಯೇಕ ಆರೋಗ್ಯ ಪಾಲಿಸಿ ಮಾಡಿಸಿಬಿಡಿ, ಏಕೆಂದರೆ ಮೊದಲೇ ಇರುವ ಕಾಯಿಲೆಗಳಿಗೆ ವಿಮೆಯ ರಕ್ಷಣೆ ಸಿಗಲು 36 ತಿಂಗಳವರೆಗೂ ಕಾಯಬೇಕಾಗಬಹುದು. ನಿಮಗೆ ಜೀವವಿಮೆಯೂ ಇದ್ದರೆ ಇನ್ನೊಂದು ಮಾತು: ವಿಮಾ ಕಾಯ್ದೆಯ 39ನೇ ಕಲಮಿಗೆ 2015ರಲ್ಲಿ ತಂದ ತಿದ್ದುಪಡಿಯು ನಾಮಿನಿಗೆ ಕೊಡುವ ವಿಶೇಷ ರಕ್ಷಣೆ (ವಿಮೆಯ ಹಣ ನಾಮಿನಿಗೇ ಸ್ವಂತವಾಗಿ ಸೇರುವುದು) ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳಿಗಷ್ಟೇ ಸೀಮಿತವಾದ್ದರಿಂದ, ನಾಮನಿರ್ದೇಶನದ ಜೊತೆಗೆ ಉಯಿಲನ್ನೂ ಬರೆದು ಬೆಳಗಾವಿಯ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿರಿ.