ಐ5-12400ಟಿ ಪೇಟೆಯಲ್ಲಿ ಸಿಗ್ತಾ ಇಲ್ಲ, ಹೆಚ್ಚು ಕೊಟ್ಟು ತರಿಸಬಹುದಾ?

ಶಿರಸಿಯಲ್ಲಿ ಮನೆಯಿಂದಲೇ ಅಕೌಂಟ್ಸ್ ಕೆಲಸ, ಮಳೆಗಾಲದಲ್ಲಿ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಬೇಕು, 35 ವ್ಯಾಟಿನ ಇಂಟೆಲ್ ಪ್ರೊಸೆಸರ್ 12400ಟಿ ಆನ್‌ಲೈನ್‌ನಲ್ಲಿ ಮಾತ್ರ ಉಂಟು, ಅದೂ ಸಾದಾ 12400ಗಿಂತ ದುಬಾರಿ, ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ.

ಅಂಗಡಿಯವರು ತರಿಸೋದಿಲ್ಲ ಅಂದ್ರೆ ಅವರ ತಪ್ಪಲ್ಲ. ಕಮ್ಮಿ ಕರೆಂಟಿನ ಈ ಚಿಪ್‌ಗಳು, ಇಂಟೆಲ್‌ನ ‘ಟಿ’, ಅದರ ಎದುರಾಳಿ ಎಎಂಡಿಯ ‘ಜಿಇ’, ಬಹುಪಾಲು ಲೆನೊವೊ, ಡೆಲ್, ಎಚ್‌ಪಿಯವರ ಪುಟ್ಟ ಡೆಸ್ಕ್‌ಟಾಪ್‌ಗಳಿಗೆ ಸಗಟಾಗಿ ಹೋಗ್ತವೆ. ಬಿಡಿಯಾಗಿ ಕಾಣೋದು ಹೆಚ್ಚಾಗಿ ಟ್ರೇ ಮಾಲು (ಡಬ್ಬಿ ಇಲ್ಲದೆ ಸಗಟಾಗಿ ಹೋಗೋ ಚಿಪ್), ಇಲ್ಲಾ ಹಳೇ ಮಷಿನ್ನಿಂದ ಕಿತ್ತದ್ದು. ಫ್ಯಾನ್ ಬರೋದಿಲ್ಲ. ಡಬ್ಬಿಯ ಚಿಪ್‌ಗೆ ಇಂಟೆಲ್ ಕೊಡೋ 3 ವರ್ಷದ ವಾರಂಟಿ ಇಲ್ಲ, ಮಾರಿದವ ಕೊಟ್ಟರೆ ಕೊಟ್ಟ. ಕಿತ್ತ ಎಎಂಡಿ ರೈಜನ್ ಪ್ರೊ ಇನ್ನೂ ಕಷ್ಟ: ಲೆನೊವೊ ಬೋರ್ಡಿಗೆ ಲಾಕ್ ಆದ ಕೆಲವು ಬೇರೆ ಬೋರ್ಡಲ್ಲಿ ಏಳೋದೇ ಇಲ್ಲ. 2022ರಲ್ಲಿ ಬಿಡುಗಡೆಯಾದಾಗ ಇಂಟೆಲ್ ಪಟ್ಟಿಯಲ್ಲಿ 12400, 12400ಟಿ ಎರಡಕ್ಕೂ 192 ಡಾಲರ್ ಇತ್ತು. ನಿಮಗೆ ಹೇಳಿದ ಹೆಚ್ಚುವರಿ ಸಿಗದ ಮಾಲಿನ ರೇಟು, ಅಷ್ಟೆ.

ಎರಡರಲ್ಲೂ 6 ಕೋರ್, 12 ಥ್ರೆಡ್, 18 ಎಂಬಿ ಕ್ಯಾಶ್. ಟರ್ಬೊ, ಅಂದ್ರೆ ಕೆಲಸ ಹೆಚ್ಚಾದಾಗ ಏರುವ ವೇಗ, ‘ಟಿ’ಯಲ್ಲಿ 4.4ರ ಬದಲು 4.2 ಗಿಗಾಹರ್ಟ್ಸ್. 35 ವ್ಯಾಟ್ ಅಂದ್ರೆ 35ಕ್ಕೇ ನಿಲ್ತದೆ ಅಂತಲ್ಲ. ಟರ್ಬೊದಲ್ಲಿ ‘ಟಿ’ ಕೂಡ 74ಕ್ಕೆ ಏರ್ತದೆ, ಸಾದಾದ್ದು 117ಕ್ಕೆ. ಆದ್ರೆ ಟ್ಯಾಲಿ, ಎಕ್ಸೆಲ್, ಬ್ರೌಸರ್ ಕೆಲಸದಲ್ಲಿ ಪ್ರೊಸೆಸರ್ ಬಹಳ ಹೊತ್ತು ಸುಮ್ಮನೆ ಕೂತಿರ್ತದೆ, ಆಗ ಎರಡೂ ಎಳೆಯೋದು ಹೆಚ್ಚುಕಡಿಮೆ ಅಷ್ಟಕ್ಕಷ್ಟೆ. ಸರಾಸರಿ 10 ವ್ಯಾಟ್ ಉಳೀತು ಅಂತ ಧಾರಾಳವಾಗಿ ಹಿಡಿದರೂ ದಿನಕ್ಕೆ 8 ತಾಸಿನಂತೆ ತಿಂಗಳಿಗೆ 2.4 ಯುನಿಟ್. ಇದಕ್ಕಿಂತ ಮಾನಿಟರ್ ಬೆಳಕು ತಗ್ಗಿಸೋದು ಮೇಲು.

ಅಷ್ಟಾಗಿಯೂ ಮಿತಿ ಬೇಕು ಅಂದ್ರೆ ಸಾದಾ 12400 ತಗೊಂಡು ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯೋ ಸೆಟ್ಟಿಂಗ್) ‘ಲಾಂಗ್ ಡ್ಯುರೇಶನ್ ಪವರ್ ಲಿಮಿಟ್’, ಅಂದ್ರೆ ಬಹಳ ಹೊತ್ತಿನ ವ್ಯಾಟ್ ಮಿತಿ, 35ಕ್ಕೆ, ಶಾರ್ಟ್ ಡ್ಯುರೇಶನ್ನಿನದು 70ಕ್ಕೆ ಇಳಿಸಿ. ಕುಮಟೆಯಲ್ಲಿ ನನ್ನದು ಹೀಗೇ ಓಡ್ತಾ ಉಂಟು. ದೊಡ್ಡ ವಿಡಿಯೊ ಕನ್ವರ್ಟ್ ಮಾಡುವಾಗ ನಿಧಾನ ಗೊತ್ತಾಗ್ತದೆ, ಜಿಎಸ್‌ಟಿ ರಿಟರ್ನ್ ತುಂಬುವಾಗ ಗೊತ್ತಾಗೋದಿಲ್ಲ. (ಪೋರ್ಟಲ್ಲೇ ಅದಕ್ಕಿಂತ ನಿಧಾನ.) ಎಎಂಡಿಯಲ್ಲಾದ್ರೆ ರೈಜನ್ 5600ಜಿ ತಗೊಂಡು ಕರೆಂಟ್ ತಗ್ಗಿಸೋ ಇಕೋ ಮೋಡ್ ಹಾಕಿ. ಬೋರ್ಡ್ ತರುವ ಮೊದಲು ಈ ಸೆಟ್ಟಿಂಗ್ ಉಂಟಾ ಅಂತ ಮ್ಯಾನ್ಯುಯಲ್ ನೋಡಿಕೊಳ್ಳಿ.

‘ಟಿ’ಗೆ ನಿಜವಾದ ಬೆಲೆ ಇರೋದು ಅದು ಕೂತ ಮಷಿನ್ ಸಮೇತ ಸಿಕ್ಕಾಗ. ಕಂಪನಿಗಳು ಬಿಟ್ಟ ಐ5-8500ಟಿ ಮಷಿನ್‌ಗಳು, ಲೆನೊವೊ ಎಂ720ಕ್ಯೂ, ಡೆಲ್ ಆಪ್ಟಿಪ್ಲೆಕ್ಸ್ 3060 ಮೈಕ್ರೊ ಇಂಥವು, ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ವಿಚಾರಿಸಿ. ನಿಮ್ಮ ಕೆಲಸಕ್ಕೆ ಧಾರಾಳ ಸಾಕು. 8ನೇ ಜನರೇಶನ್‌ಗಿಂತ ಹಳೇದು ಬೇಡ, ವಿಂಡೋಸ್ 11 ಅಧಿಕೃತವಾಗಿ ಕೂರೋದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು. ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ ಇನ್ನೂ ಕಮ್ಮಿ ಕರೆಂಟ್ ತಿಂತದೆ, ಆದ್ರೆ ನಾಲ್ಕೇ ಸಣ್ಣ ಕೋರ್. ದಿನವಿಡೀ ಕೂತು ಮಾಡೋ ಕೆಲಸಕ್ಕೆ ನಾನು ಹೇಳೋದಿಲ್ಲ.

ಹಳೇದನ್ನು ಕಾರವಾರ, ಅಂಕೋಲಾ ಕಡೆಯವರಿಂದ ತಗೊಂಡ್ರೆ ಹಿಂದಿನ ಪೋರ್ಟ್‌ಗಳಿಗೆ ಟಾರ್ಚ್ ಬಿಟ್ಟು ನೋಡಿ. ಉಪ್ಪುಗಾಳಿಗೆ ಯುಎಸ್‌ಬಿ ತಗಡಿನ ಅಂಚಲ್ಲಿ, ಸ್ಕ್ರೂ ತಲೆಯಲ್ಲಿ ತುಕ್ಕು ಮೊದಲು ಕಾಣ್ತದೆ. ಡೆಲ್ ಆದ್ರೆ ಅದರದ್ದೇ ಅಡಾಪ್ಟರ್ ಕೇಳಿ ತಗೊಳ್ಳಿ. ಗುರುತು ಸಿಗದ ಅಡಾಪ್ಟರ್ ಹಾಕಿದರೆ ಎಚ್ಚರಿಕೆ ತೋರಿಸಿ ಪ್ರೊಸೆಸರ್ ವೇಗ ತಾನೇ ಇಳಿಸಿಬಿಡ್ತದೆ.