ಸಿಂಗಳೀಕ, ಗುರಿಗೆ ಮತ್ತು ಸಾಗರದ ಓದುಗರ ಪ್ರಶ್ನೆ

ಸಾಗರದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಸಿಂಗಳೀಕವನ್ನೂ ನೀಲಕುರಿಂಜಿಯನ್ನೂ, ಅಂದರೆ ನಮ್ಮ ಗುರಿಗೆಯನ್ನೂ, ಜೊತೆಗಿಟ್ಟು ಲೇಖನ ಹಾಕಿದ್ದೆವು. 'ಒಂದು ಕೋತಿ, ಇನ್ನೊಂದು ಗಿಡ. ಸುಮ್ನೆ ಹೋಲಿಸಿ ಏನು ಪ್ರಯೋಜನ? ಘಟ್ಟದ ತುಂಬ ಮರ ನೆಟ್ಟರೆ ಎರಡೂ ಉಳಿಯುತ್ತವಲ್ಲ' ಎಂದು ಕೇಳಿದ್ದೀರಿ. ನಿಮ್ಮ ಆ ಕೊನೆಯ ಮಾತಿಗಾಗಿಯೇ ಈ ಹೋಲಿಕೆ ಬೇಕು ಅನಿಸುತ್ತದೆ.

ಸಿಂಗಳೀಕಕ್ಕೆ ಮರ ಬೇಕು, ನಿಜ. ಆದರೆ ಎಲ್ಲೋ ನಾಲ್ಕು ಮರ ಇದ್ದರೆ ಸಾಲದು. ಕೊಂಬೆಗೆ ಕೊಂಬೆ ತಾಗುವ ನಿತ್ಯಹಸುರಿನ ಕಾಡೇ ಬೇಕು. ನಿಮ್ಮ ಶರಾವತಿ ಕಣಿವೆಯಲ್ಲಿ ಅಂಥ ಕಾಡು ಇನ್ನೂ ಇದೆ. 2019ರಲ್ಲಿ ಅದನ್ನು ಸಿಂಗಳೀಕದ ಹೆಸರಿನಲ್ಲೇ ಅಭಯಾರಣ್ಯ ಮಾಡಿದರು. ನಡುವೆ ರಸ್ತೆ ಬಂದು ಕೊಂಬೆ ತಪ್ಪಿದರೆ ಪ್ರಾಣಿ ನೆಲಕ್ಕಿಳಿಯುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಹೀಗೆ ಇಳಿದ ಸಿಂಗಳೀಕಗಳು ವಾಹನಕ್ಕೆ ಸಿಕ್ಕಿ ಸತ್ತಿವೆ. ಅಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಬೇಕಾಯಿತು.

ಗುರಿಗೆಯದು ಇದಕ್ಕೆ ಪೂರ್ತಿ ಉಲ್ಟಾ. ಮುಳ್ಳಯ್ಯನಗಿರಿ, ಮುನ್ನಾರ್ ಕಡೆಯ ಎತ್ತರದ ಹುಲ್ಲುಬೆಟ್ಟಗಳೇ ಅದರ ಮನೆ. ಬಿಸಿಲು, ಗಾಳಿ, ಹುಲ್ಲು ಇದ್ದರೆ ಸಾಕು. ಅಂಥ ಬೆಟ್ಟ ಕಂಡರೆ ನಮಗೆ 'ಖಾಲಿ ಗುಡ್ಡ' ಅನಿಸುತ್ತದೆ. ಹಾಗೆ ಅನಿಸಿಯೇ ಘಟ್ಟದ ಎಷ್ಟೋ ಹುಲ್ಲುಬೆಟ್ಟಗಳಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರು. ಗುರಿಗೆ ಜಾಗ ಕಳೆದುಕೊಂಡಿತು. ಮರ ಕಡಿದದ್ದರಿಂದ ಒಂದು ಸೊರಗಿದರೆ, ಮರ ನೆಟ್ಟದ್ದರಿಂದ ಇನ್ನೊಂದು ಸೊರಗಿತು. ನನ್ನನ್ನು ಬಹಳ ಕಾಡುವ ಸಂಗತಿ ಇದು.

ಎರಡಕ್ಕೂ ಒಂದು ಹೋಲಿಕೆಯೂ ಇದೆ: ನಿಧಾನ. ಗುರಿಗೆ 12 ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಮುನ್ನಾರ್‌ನಲ್ಲಿ 2018ರಲ್ಲಿ ಅರಳಿದ್ದು ಇನ್ನು 2030ಕ್ಕೆ. ಬೀಜ ಕಟ್ಟುವ ಮೊದಲೇ ಹೂಗೊಂಚಲು ಕಿತ್ತರೆ ಅಷ್ಟೂ ವರ್ಷದ ಕಾಯುವಿಕೆ ಹೋಯಿತು. ಇತ್ತ ಹೆಣ್ಣು ಸಿಂಗಳೀಕ ಮೊದಲ ಮರಿ ಹಾಕುವಾಗ ಅದಕ್ಕೆ ಸುಮಾರು ಆರು ವರ್ಷ. ಆಮೇಲೂ ಮರಿಯಿಂದ ಮರಿಗೆ ಎರಡೂವರೆ, ಮೂರು ವರ್ಷದ ಅಂತರ. ಒಂದು ಹೂವಿನ ವರ್ಷ ಹುಟ್ಟಿದ ಹೆಣ್ಣು ಮುಂದಿನ ಹೂವಿನ ಹೊತ್ತಿಗೆ ಎರಡೋ ಮೂರೋ ಮರಿ ಕಂಡಿದ್ದರೆ ಅದೇ ಜಾಸ್ತಿ. ಹಾಳಾದದ್ದನ್ನು ಬೇಗ ತುಂಬಿಕೊಳ್ಳಲು ಎರಡಕ್ಕೂ ಆಗುವುದಿಲ್ಲ.

ಹಾಗಾಗಿ ಮರ ನೆಡಿ, ಖಂಡಿತ ನೆಡಿ. ಕಾಡು ಹರಿದ ಕಡೆ, ಅಲ್ಲಿಯದೇ ಜಾತಿಯ ಮರ ನೆಡಿ. ಹುಲ್ಲುಬೆಟ್ಟವನ್ನು ಹಾಗೇ ಬಿಡಿ.

ಮಳೆಗಾಲದಲ್ಲಿ ಉಪ್ಪಾಗೆ ಮರದ ಮೇಲೆ ಸಿಂಗಳೀಕದ ಗುಂಪು ನೋಡಿದ್ದಾಗಿ ಬರೆದಿದ್ದೀರಲ್ಲ, ಅದನ್ನು ವಿವರವಾಗಿ ಬರೆದು ಕಳಿಸುತ್ತೀರಾ?

– ಸಂಪಾದಕ