ಪಟಿಕ ಹಾಕಿದರೆ ಮೇಕೆ ಚರ್ಮ ಹದವಾಗುತ್ತದಾ?

ಹಬ್ಬಕ್ಕೆ ಕಡಿದ ಮೇಕೆಯ ಚರ್ಮ ಇದೆ, ಎಸೆಯಲು ಮನಸ್ಸಿಲ್ಲ, ಪಟಿಕ ಉಪ್ಪು ಹಾಕಿ ಮೂಡಿಗೆರೆಯ ಮನೆಯಲ್ಲೇ ಹದ ಮಾಡಿ ಹೆಗಲಚೀಲ ಹೊಲಿಯಬಹುದಾ ಅಂತ ಕೇಳಿದ್ದೀರಿ.

ಹದ ಮಾಡಬಹುದು. ಆದರೆ ಚೀಲಕ್ಕೆ ಪಟಿಕ ಬೇಡ. ಪಟಿಕದಲ್ಲಿ ಚರ್ಮ ಬೆಳ್ಳಗೆ, ಮೆತ್ತಗೆ ಬರುತ್ತದೆ, ನೋಡಲು ಚೆನ್ನ. ಒಮ್ಮೆ ಚೆನ್ನಾಗಿ ನೆನೆದರೆ ಪಟಿಕ ತೊಳೆದು ಹೋಗುತ್ತದೆ. ಒಣಗಿದಾಗ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ನಿಮ್ಮ ಕಡೆಯ ಮಳೆ ನಿಮಗೇ ಗೊತ್ತಲ್ವಾ? ಮರದ ಚೆಕ್ಕೆಯ ಒಗರು ಹಾಗಲ್ಲ, ಒಳಗೆ ಹೋದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ನಾನು ಅರಸೀಕೆರೆ ಕಡೆಯವನು. ನಮ್ಮ ತಾತ ಮೆಟ್ಟು, ಬಾರು, ಎತ್ತು ಕಟ್ಟಿ ಬಾವಿ ನೀರೆತ್ತುವ ಕಪಿಲೆಯ ತೊಗಲು ಎಲ್ಲ ಮಾಡುತ್ತಿದ್ದರು. ಊರಿಗೆಲ್ಲ ಆ ತೊಗಲು ಬೇಕಿತ್ತು, ಅದನ್ನು ಹದ ಮಾಡಿದ ಕೈ ಬೇಡವಾಗಿತ್ತು. ಅದಕ್ಕೇ ಅಪ್ಪ ಆ ಕೆಲಸ ಬಿಟ್ಟರು. ಅಜ್ಜಿಗೆ ನೆನಪಿದ್ದಷ್ಟನ್ನು ಕೇಳಿಕೊಂಡು ನಾನು ಮತ್ತೆ ಕಲಿತೆ. ತಾತನಿಗೆ ಎಷ್ಟು ತಿಳಿದಿತ್ತು ಅನ್ನುವುದು ತೊಗಲು ನೆನೆಸುವ ಬಾನಿಗೆ ನಾನೇ ಕೈ ಹಾಕಿದ ಮೇಲೆ ಗೊತ್ತಾಯಿತು.

ಕಡಿದ ಎರಡು ಮೂರು ಗಂಟೆಯೊಳಗೆ ಒಳಮೈಗೆ ಕಲ್ಲುಪ್ಪು ಉಜ್ಜಬೇಕು. ಚರ್ಮ 2 ಕೆಜಿ ಇದ್ದರೆ ಉಪ್ಪು ಸುಮಾರು 1 ಕೆಜಿ. ಕೈ ಬಿಗಿ ಮಾಡಬೇಡಿ, ಉಪ್ಪು ತಾಗದ ಜಾಗದಲ್ಲೇ ಕೊಳೆತು ಕೂದಲು ಉದುರಲು ಶುರುವಾಗುತ್ತದೆ. ಇನ್ನೊಂದು ಮಾತು: ಇದ್ದಕ್ಕಿದ್ದಂತೆ ಸತ್ತ ಪ್ರಾಣಿಯ ಚರ್ಮ ಮುಟ್ಟಲೇಬೇಡಿ, ಆಂಥ್ರಾಕ್ಸ್ ಚರ್ಮದಿಂದಲೂ ಅಂಟುತ್ತದೆ. ಕಾಡುಪ್ರಾಣಿಯ ಚರ್ಮ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಉಪ್ಪು ತೊಳೆದು ಸುಣ್ಣದ ನೀರಿಗೆ ಹಾಕಿ. ಕೈಗವಸು, ಕನ್ನಡಕ ಬೇಕೇ ಬೇಕು. ದಿನಕ್ಕೆರಡು ಸಲ ತಿರುವಿ. ಮೂರರಿಂದ ಐದು ದಿನಕ್ಕೆ ಕತ್ತಿನ ಹತ್ತಿರದ ಕೂದಲು ಎಳೆದರೆ ಸಲೀಸಾಗಿ ಬರುತ್ತದೆ. ಆಗ ದುಂಡನೆಯ ದಿಮ್ಮಿಯ ಮೇಲೆ ಹಾಸಿ ಮೊಂಡು ಕತ್ತಿಯಲ್ಲಿ ಕೂದಲು ಹೆರೆದು, ತಿರುಗಿಸಿ ಮಾಂಸ ಕೊಬ್ಬನ್ನೂ ಹೆರೆಯಿರಿ.

ಈಗ ಸುಣ್ಣ ಬಿಡಿಸಬೇಕು. ನಾಲ್ಕೈದು ನೀರಲ್ಲಿ ತೊಳೆದು, ಹುಳಿ ಬಂದ ಗೋಧಿ ಬೂಸದ ನೀರಲ್ಲಿ ಒಂದು ರಾತ್ರಿ ನೆನೆಸುತ್ತೇನೆ. ಸುಣ್ಣ ಪೂರ್ತಿ ಹೋಯಿತಾ ಅಂತ ನೋಡಲು ಅಂಗಡಿಯ ಔಷಧಿ ಬೇಡ. ದಪ್ಪ ಜಾಗದಲ್ಲಿ ಸಣ್ಣ ಚೂರು ಕತ್ತರಿಸಿ, ಆ ಅಂಚಿಗೆ ಅರಿಶಿನ ಕಲಸಿದ ನೀರು ಹಚ್ಚಿ. ಆರತಿ ತಟ್ಟೆಯ ನೀರಿನಂತೆ ಕೆಂಪಾದರೆ ಸುಣ್ಣ ಇನ್ನೂ ಒಳಗಿದೆ. ಹಳದಿಯಾಗೇ ಉಳಿದರೆ ಮುಂದಕ್ಕೆ ಹೋಗಬಹುದು.

ಮುಂದಿನದೇ ನಿಜವಾದ ಹದ. ನಾನು ಬಳಸುವುದು ತಂಗಡಿ ಗಿಡದ ಚೆಕ್ಕೆ. ಕೆಲವರು ಆವರಿಕೆ ಅನ್ನುತ್ತಾರೆ. ನಮ್ಮ ಕಡೆ, ಕಡೂರು ಕಡೆ ಬಯಲಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ. ಕರಿಜಾಲಿ ಚೆಕ್ಕೆಯೂ ಆಗುತ್ತದೆ. ಜಜ್ಜಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆನೆಹಾಕಿ. ಕಬ್ಬಿಣದ ಪಾತ್ರೆ ಬೇಡ, ಒಗರಿಗೆ ಕಬ್ಬಿಣ ತಾಗಿದರೆ ಚರ್ಮದ ಮೇಲೆ ಮಸಿಯಂಥ ಕಲೆ ಕೂರುತ್ತದೆ.

ಮೊದಲ ಸಲ ಬೇಗ ಆಗಲಿ ಅಂತ ನಾನು ಕಷಾಯದಷ್ಟು ಗಟ್ಟಿ ರಸಕ್ಕೇ ಚರ್ಮ ಹಾಕಿಬಿಟ್ಟೆ. ಎರಡೇ ದಿನಕ್ಕೆ ಒಳ್ಳೆ ಕಂದು ಬಣ್ಣ ಬಂತು. ಎರಡು ವಾರ ಬಿಟ್ಟು ತೆಗೆದು ಒಣಗಿಸಿ ಮಡಚಿದೆ. ಮಡಿಕೆಯಲ್ಲಿ ಚಟ್ ಅಂತ ಬಿರುಕು ಬಿಟ್ಟಿತು. ಕತ್ತರಿಸಿ ನೋಡಿದರೆ ಎರಡು ಕಂದು ಪದರದ ನಡುವೆ ಬಿಳಿ ಗೆರೆ. ಗಟ್ಟಿ ರಸ ಹೊರಮೈಯನ್ನು ಮೊದಲೇ ಬಿಗಿದು, ಒಳಗೆ ಹೋಗುವ ದಾರಿ ಮುಚ್ಚಿಬಿಟ್ಟಿತ್ತು. ಒಳಗಿನದು ಇನ್ನೂ ಹಸಿ ತೊಗಲೇ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, "ನಿಮ್ಮ ತಾತ ಮೊದಲು ಹಳೇ ನೀರಿಗೆ ಹಾಕ್ತಿದ್ರು" ಅಂದರು. ಒಮ್ಮೆ ಬಳಸಿ ಒಗರು ಇಳಿದ ರಸ ಅದು.

ಹಾಗಾಗಿ ತೆಳು ಚಹಾದಂಥ ರಸದಿಂದ ಶುರು ಮಾಡಿ. ಮೂರು ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಗಟ್ಟಿ ಮಾಡುತ್ತಾ ಹೋಗಿ. ಮೇಕೆ ಚರ್ಮಕ್ಕೆ ನನಗೆ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಕತ್ತಿನ ಭಾಗದ ಚೂರು ಕತ್ತರಿಸಿದಾಗ ಬಿಳಿ ಗೆರೆ ಕಾಣದಿದ್ದರೆ ಆಯಿತು. ಕೊನೆಗೆ ಅಳಲೆಕಾಯಿ ಪುಡಿಯ ನೀರಲ್ಲಿ ಎರಡು ಮೂರು ದಿನ ಇಡಿ, ಬಣ್ಣ ತಿಳಿಯಾಗುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ.

ತೊಳೆದು, ಹಸಿ ಇರುವಾಗಲೇ ಹರಳೆಣ್ಣೆ ಅಥವಾ ಹೊಂಗೆ ಎಣ್ಣೆ ಸವರಿ ನೆರಳಲ್ಲಿ ಹಾಕಿ. ಬಿಸಿಲು ಬೇಡ. ಅರ್ಧ ಒಣಗಿದಾಗ ಹಲಗೆಯ ಅಂಚಿಗೆ ಹಾಕಿ ಆ ಕಡೆ ಈ ಕಡೆ ಎಳೆದು ಉಜ್ಜಬೇಕು. ತೋಳು ಸೋಲುತ್ತದೆ, ಆದರೆ ಮೆತ್ತಗಾಗುವುದು ಇಲ್ಲೇ. ನೀವು ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ, ಮಳೆಗಾಲದಲ್ಲಿ ಮಾಡಿದರೆ ಬೂಷ್ಟು ಹಿಡಿಯುತ್ತದೆ.

ಕಾರ್ಖಾನೆಗಳಲ್ಲಿ ಚರ್ಮ ಹದ ಮಾಡಲು ಬಳಸುವ ಕ್ರೋಮ್ ಉಪ್ಪು ತರಿಸಿ ಮಾಡುವ ಯೋಚನೆ ಬೇಡ, ಆ ನೀರನ್ನು ಮನೆಯಲ್ಲಿ ಶುದ್ಧ ಮಾಡಲು ಆಗದು. ಚೆಕ್ಕೆ ಚರಟ ಗೊಬ್ಬರದ ಗುಂಡಿಗೆ ಹಾಕಬಹುದು. ಉಪ್ಪು ನೀರು, ಸುಣ್ಣದ ನೀರನ್ನು ಬಾವಿಯಿಂದ, ಕಾಫಿ ಗಿಡದಿಂದ ದೂರ ಗುಂಡಿ ತೋಡಿ ಸುರಿಯಿರಿ. ದಯವಿಟ್ಟು ಹಳ್ಳಕ್ಕೆ ಬಿಡಬೇಡಿ. ಹೇಮಾವತಿ ಹುಟ್ಟುವುದು ನಿಮ್ಮ ತಾಲ್ಲೂಕಿನಲ್ಲೇ, ಆ ನೀರು ನಮ್ಮ ಹಾಸನಕ್ಕೇ ಬರುವುದು.